ಹತ್ತೂವರೆ ಇಂಚಿನ ಕುಡ

ಕೊಟ್ಟೂರಿನ ಉಜ್ಜಿನಿ ರಸ್ತೆಯಲ್ಲಿ ಕೂರಿಗೆ ಮಾಡುವ ಉಚ್ಚಂಗೆಪ್ಪನಿಗೆ ಲೋಕದ ಮೇಲೆ ಅನುಮಾನ ಪಡಲು ಕಾರಣವೇ ಬೇಕಿರಲಿಲ್ಲ. ಹಾಲಿನವಳು ಬೇಗ ಬಂದರೆ ಅನುಮಾನ, ತಡವಾಗಿ ಬಂದರೆ ಇನ್ನೊಂದು ಅನುಮಾನ. ಹೊಸ ಬೀಗ ತಂದರೆ ಅದರ ಮೂರನೆಯ ಕೀಲಿಯನ್ನು ಅಂಗಡಿಯವನೇ ಇಟ್ಟುಕೊಂಡಿದ್ದಾನೆಂದು ಎರಡು ದಿನ ನಿದ್ದೆ ಬಿಡುವ ಆಸಾಮಿ. ಅಂಥವನ ಶೆಡ್ಡಿಗೆ ೨೦೦೫ನೇ ಇಸವಿಯ ಬೇಸಿಗೆಯಲ್ಲಿ ಒಬ್ಬ ಬಂದು, ನಿಮ್ಮ ವರ್ಕ್‌ಶಾಪನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತೇವೆ, ಅದೂ ಪುಕ್ಕಟೆಯಾಗಿ ಎಂದರೆ ಏನಾಗಬೇಕು, ನೀವೇ ಹೇಳಿ.

ಬಂದವನ ಹೆಸರು ಭರತ್. ಹೊಸಪೇಟೆಯವನು, ಇಪ್ಪತ್ತೆಂಟರ ಆಸುಪಾಸು. ಹೆಗಲಿಗೊಂದು ಬ್ಯಾಗು, ಕುತ್ತಿಗೆಗೊಂದು ಕ್ಯಾಮೆರಾ, ಬೈಕಿನ ತುಂಬ ಧೂಳು. ‘ಪೇಟೆಬೀದಿ’ ಎಂಬ ಹೆಸರಿನ ಕಂಪನಿ ಅವನದು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಂದು ಊರೂರು ತಿರುಗಿ ಎಣ್ಣೆ ಮಿಲ್ಲಿನವರು, ಕಂಬಳಿ ವ್ಯಾಪಾರದವರು, ಲಗ್ನಪತ್ರಿಕೆ ಪ್ರೆಸ್ಸಿನವರು ಹೀಗೆ ಸಣ್ಣಪುಟ್ಟ ಕಸುಬಿನವರಿಗೆಲ್ಲ ಒಂದೊಂದು ಪುಟ ಮಾಡಿಕೊಡುವುದು ಅವನ ಕೆಲಸ. ಪುಟದಲ್ಲಿ ಮಾಲಿನ ಫೋಟೊ, ವಿವರ, ಫೋನ್ ನಂಬರು. ಯಾರು ಬೇಕಾದರೂ ಯಾವ ಊರಿನಲ್ಲಾದರೂ ಕಂಪ್ಯೂಟರಿನ ಮುಂದೆ ಕೂತು ನೋಡಬಹುದು.

‘ಯಾರು ಬೇಕಾದರೂ’ ಎಂಬ ಮಾತು ಕಿವಿಗೆ ಬಿದ್ದದ್ದೇ ಉಚ್ಚಂಗೆಪ್ಪ ಸುತ್ತಿಗೆ ಕೆಳಗಿಟ್ಟ.

ಕೂರಿಗೆ ಕಾಣದವರಿಗೆ ಇಲ್ಲಿ ಎರಡು ಮಾತು ಹೇಳಿಬಿಡುತ್ತೇನೆ. ಮೂರೋ ನಾಲ್ಕೋ ತಾಳುಗಳ, ಅಂದರೆ ನೆಲ ಗೀರುವ ಕಾಲುಗಳ, ಈ ಸಾಮಾನನ್ನು ಎತ್ತಿಗೆ ಹೂಡಿ ಹೊಡೆದರೆ ಬೀಜ ಸಾಲುಸಾಲಾಗಿ ನೆಲಕ್ಕೆ ಬೀಳುತ್ತದೆ. ಪೈರು ಮೇಲೆದ್ದ ಮೇಲೆ ಆ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಕಳೆ ತೆಗೆಯುತ್ತಾರೆ. ಎಡೆಕುಂಟೆಯ ಬುಡದಲ್ಲಿ ಮಣ್ಣಿನೊಳಗೆ ಹರಿಯುವ ಅಡ್ಡ ಅಲಗಿಗೆ ಕುಡ ಎನ್ನುತ್ತಾರೆ. ಸಾಲಿನ ಅಂತರಕ್ಕೂ ಕುಡದ ಉದ್ದಕ್ಕೂ ತಾಳೆಯಾಗಬೇಕು. ಕುಡ ಗಿಡ್ಡವಾದರೆ ಕಳೆ ಉಳಿಯುತ್ತದೆ. ಉದ್ದವಾದರೆ ಅದು ಕಳೆಯ ಜೊತೆಗೆ ಬೆಳೆಯ ಬೇರನ್ನೂ ಕತ್ತರಿಸುತ್ತ ಹೋಗುತ್ತದೆ, ಅದೂ ಮಣ್ಣಿನೊಳಗೆ, ಕಣ್ಣಿಗೆ ಕಾಣದಂತೆ. ಶೇಂಗಾ ಸಾಲಿಗೆ ಉಚ್ಚಂಗೆಪ್ಪ ಇಡುತ್ತಿದ್ದ ಅಂತರ ಹನ್ನೆರಡು ಇಂಚು, ಅದಕ್ಕೆ ಕುಡ ಎಂಟೂವರೆ ಇಂಚು. ಇದು ಇಪ್ಪತ್ತೈದು ವರ್ಷ ಹೊಲದ ಬದುವಿನಲ್ಲಿ ನಿಂತು, ಬಗ್ಗಿ, ಮಣ್ಣು ಕೆದರಿ ಕಂಡುಕೊಂಡ ಲೆಕ್ಕ. ಕೂಡ್ಲಿಗಿಯಿಂದ ಹಡಗಲಿವರೆಗೆ ‘ಉಚ್ಚಂಗೆಪ್ಪನ ಅಳತಿ’ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಅವನಿಗೆ ಹೊಲವಿರಲಿಲ್ಲ, ಮಾಳಿಗೆ ಮನೆಯಿರಲಿಲ್ಲ. ಇದ್ದ ಆಸ್ತಿಯೆಲ್ಲ ಆ ಎರಡು ಪದ.

ಆ ಆಸ್ತಿಗೆ ಒಮ್ಮೆ ಕನ್ನ ಬಿದ್ದಿತ್ತು. ಬೊಮ್ಮಯ್ಯ ಎಂಬವನು ಆರು ವರ್ಷ ಇದೇ ಶೆಡ್ಡಿನಲ್ಲಿ ದುಡಿದು, ಅಳತೆಗಳನ್ನೆಲ್ಲ ತಲೆಯಲ್ಲಿ ತುಂಬಿಕೊಂಡು, ಒಂದು ದಿನ ಹೇಳದೆ ಕೇಳದೆ ಹಗರಿಬೊಮ್ಮನಹಳ್ಳಿಗೆ ಹೋಗಿ ಸ್ವಂತ ವರ್ಕ್‌ಶಾಪು ತೆರೆದಿದ್ದ. ಅದಾಗಿ ಐದು ವರ್ಷವಾಗಿದ್ದರೂ ಉಚ್ಚಂಗೆಪ್ಪನಿಗೆ ಅದು ನಿನ್ನೆಯ ಸುದ್ದಿ. ಬಾಗಿಲಲ್ಲಿ ನೆರಳು ಬಿದ್ದರೆ ಮೊದಲು ನೆನಪಾಗುವುದು ಬೊಮ್ಮಯ್ಯನೇ.

“ಫೋಟೊ ಆತು, ಫೋನ್ ನಂಬರ್ ಆತು. ಅಳತಿ ಯಾಕ ಬೇಕು ನಿನಗ?” ಎಂದು ಉಚ್ಚಂಗೆಪ್ಪ ಕೇಳಿದ.

“ನಿಮ್ಮ ಕೂರಿಗಿ, ಕುಂಟಿ ತಗೊಂಡೋರು ಊರೂರಾಗ ಅದಾರಲ್ರಿ ಅಣ್ಣ. ಮೈಲಾರದ ಕಡಿ ಯಾರದೋ ಕುಡ ಮುರೀತು ಅಂತ ಇಟ್ಕೊಳ್ರಿ. ಅಷ್ಟಕ್ಕ ಅವ್ರು ಕೊಟ್ಟೂರತನ ಬರಬೇಕು. ಅಳತಿ ಪುಟದಾಗ ಇದ್ರ ಅಲ್ಲೇ ಕಮ್ಮಾರರ ಕಡಿ ಬಡಿಸ್ಕೊಂತಾರ.”

“ಅಂದ್ರ ಕೊಟ್ಟೂರಿಗೆ ಯಾರೂ ಬರೋದು ಬ್ಯಾಡ.”

“ಹಂಗಲ್ರಿ. ಕುಡಕ್ಕ ತ್ರಾಸ ಆಗಲಿಲ್ಲಂದ್ರ ಕೂರಿಗಿ ನಿಮ್ಮ ಕಡೀನ ತಗೊಂತಾರ. ನಂಬಿಕಿ ಬೆಳೀತೈತಿ.”

“ಪುಕ್ಕಟೆ ಅಂದ್ಯಲ್ಲ. ನಿನ್ನ ಕಂಪನಿಗೆ ಏನು ಸಿಗ್ತೈತಿ?”

“ಒಂದು ವರ್ಷ ಪುಕ್ಕಟೆ ರಿ. ಗಿರಾಕಿ ಬಂದ್ರು, ಚೊಲೊ ಅನ್ನಿಸ್ತು ಅಂದ್ರ ಮುಂದಿನ ವರ್ಷ ಕೊಡ್ರಿ. ಅನ್ನಿಸಲಿಲ್ಲಂದ್ರ ತೆಗೆದುಬಿಡ್ತೀನಿ.”

ಇಷ್ಟು ಸರಳವಾಗಿ ಉತ್ತರ ಕೊಡುವವನು ಖಂಡಿತ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಉಚ್ಚಂಗೆಪ್ಪನಿಗೆ ಅನಿಸಿತು. ಆ ಹೊತ್ತಿಗೆ ಭರತ್ ಪೆನ್ನಿಗಾಗಿ ಬ್ಯಾಗಿನಲ್ಲಿ ಕೈಯಾಡಿಸಿದ. ಒಂದಷ್ಟು ವಿಸಿಟಿಂಗ್ ಕಾರ್ಡು ನೆಲಕ್ಕೆ ಬಿದ್ದವು. ಮೇಲಿನದೇ ಹಗರಿಬೊಮ್ಮನಹಳ್ಳಿಯ ಬೊಮ್ಮಯ್ಯನ ವರ್ಕ್‌ಶಾಪಿನದು. ಅಕ್ಷರ ಕೆಂಪು, ಅಂಚು ಹಳದಿ.

“ಇವನ ಕಡಿನೂ ಹೋಗಿದ್ಯೇನು?”

“ಹೋಗಿದ್ದೆ ರಿ. ಎಲ್ಲಾರ ಕಡಿನೂ ಹೋಗ್ತೀನಲ್ರಿ.”

ಉಚ್ಚಂಗೆಪ್ಪ ಕಾರ್ಡನ್ನು ಎತ್ತಿ, ಧೂಳು ಒರೆಸಿ, ಬಹಳ ಮರ್ಯಾದೆಯಿಂದ ಅವನ ಕೈಗೆ ಕೊಟ್ಟ. ನಾಳೆ ಬಾ, ಅಳತೆ ಹೇಳುತ್ತೇನೆ ಎಂದ. ಮರ್ಯಾದೆ ಕೊಟ್ಟನೆಂದರೆ ಒಳಗೆ ಏನೋ ಬೇಯುತ್ತಿದೆ ಎಂದು ಅವನ ಹೆಂಡತಿ ಕೊಟ್ರಬಸಮ್ಮನಿಗೆ ಗೊತ್ತು. ಅವಳು ಶೆಡ್ಡಿನ ಮೂಲೆಯ ಮೇಜಿನ ಮೇಲಿದ್ದ ಫೋನು ನೋಡಿಕೊಳ್ಳುವವಳು, ಬಂದ ಗಿರಾಕಿಗೆ ನೀರು ಕೊಡುವವಳು, ಗಂಡನ ಮುಖ ಓದುವವಳು.

ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು. “ಮನಸ್ಸಿಲ್ಲಂದ್ರ ಬ್ಯಾಡಪ್ಪ ಅಂತ ಹೇಳಿ ಕಳಿಸ್ರಿ. ಅದಕ್ಯಾಕ ಇಷ್ಟು ಯೋಚನಿ?”

“ಬ್ಯಾಡ ಅಂದ್ರ ಬೊಮ್ಮ ಸುಮ್ನಿರ್ತಾನೇನು? ಇನ್ನೊಬ್ಬನ್ನ ಗಿರಾಕಿ ಮಾಡಿ ಕಳಿಸ್ತಾನ. ಈ ಹುಡುಗ ಅವನ ಕಡಿಯವ. ಬೊಮ್ಮ ಮೊದ್ಲು ಒಯ್ದಿದ್ದು ಹಳೇ ಅಳತಿ. ಈಗ ನಾನು ಕುಂಟಿ ಬದಲು ಮಾಡೀನಿ ಅಂತ ಸುದ್ದಿ ಹತ್ತೈತಿ, ಅದು ಬೇಕಾಗೈತಿ ಅವಂಗ. ಕೊಟ್ಟಂಗ ಮಾಡಿ ಕೆಡವಬೇಕು.”

“ಹೆಂಗ?”

“ಎಲ್ಲಾ ಖರೆ ಹೇಳ್ತೀನಿ. ಕುಡ ಒಂದು ಹತ್ತೂವರಿ ಅಂತ ಬರಸ್ತೀನಿ. ಬಿತ್ತೋತನ ಏನೂ ಗೊತ್ತಾಗಂಗಿಲ್ಲ. ಎಡಿ ಹೊಡದ ಮೂರನೇ ದಿನಕ್ಕ ಬೊಮ್ಮನ ಗಿರಾಕಿ ಹೊಲ ಬಾಡ್ತಾವ. ಆಮ್ಯಾಲೆ ಯಾರು ಕಳ್ಳ ಅಂತ ಊರಿಗೇ ತಿಳೀತೈತಿ.”

ಕೊಟ್ರಬಸಮ್ಮ ಮುದ್ದೆ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. “ಬೊಮ್ಮನ ಗಿರಾಕಿ ಅಂದ್ರ ರೈತರಲ್ಲೇನ್ರಿ? ಅವರು ನಿಮಗ ಏನು ಮಾಡ್ಯಾರ?”

“ನನ್ನ ಬಿಟ್ಟು ಅವನ ಕಡಿ ಹೋಗ್ಯಾರ” ಎಂದು ಉಚ್ಚಂಗೆಪ್ಪ ಸಾರು ಹಾಕಿಸಿಕೊಂಡ. ಎಂಥ ಮಾತು ಆಡಿದೆ ಎಂದು ಅವನಿಗೆ ಆಗ ಅನಿಸಲೂ ಇಲ್ಲ. ಅನುಮಾನ ಹೊಟ್ಟೆಯಲ್ಲಿ ಕೂತರೆ ಮನುಷ್ಯನಿಗೆ ಬೇರೆಯವರ ಹೊಲ ಹೊಲವಾಗಿ ಕಾಣುವುದಿಲ್ಲ.

ಮಾರನೆಯ ದಿನ ಭರತ್ ಹೇಳಿದ ಹೊತ್ತಿಗೆ ಬಂದ. ಉಚ್ಚಂಗೆಪ್ಪ ಅಷ್ಟರೊಳಗೆ ಅಳತೆಗೆಂದು ಕತ್ತರಿಸಿಟ್ಟ ತನ್ನ ತಗಡಿನ ಅಚ್ಚುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಹಿತ್ತಲಿಗೆ ಸಾಗಿಸಿದ್ದ. ಫೋಟೊ ತೆಗೆಯುವಾಗ ಇಷ್ಟಗಲ ನಕ್ಕ. ತಾಳು ಎಷ್ಟು, ಅವನ್ನು ಕೂರಿಸುವ ದಿಂಡು ಎಷ್ಟು, ಸಾಲಿನ ಅಂತರ ಎಷ್ಟು ಎಂದು ಒಂದೊಂದನ್ನೇ ಹೇಳುತ್ತ ಬಂದ, ಎಲ್ಲವೂ ಸತ್ಯ. ಕೊನೆಗೆ ಕುಡದ ಸರದಿ ಬಂದಾಗ ಅದೇ ದನಿಯಲ್ಲಿ “ಹತ್ತೂವರಿ ಇಂಚು” ಎಂದ.

ಭರತ್ ಬರೆದುಕೊಂಡು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದ. ಕುಡದ ಹತ್ತಿರ ಬಂದಾಗ ತಲೆಯೆತ್ತಿ, “ಹತ್ತೂವರಿ, ಹೌದಲ್ರಿ?” ಎಂದು ಕೇಳಿದ.

“ಹೌದು.”

“ಹಂಗಾರ ಇಲ್ಲೊಂದು ಸಹಿ ಮಾಡ್ರಿ ಅಣ್ಣ.”

“ಸಹಿ ಗಿಹಿ ಏನಿಲ್ಲ. ಬಾಯಿಮಾತು ಸಾಕು” ಎಂದ ಉಚ್ಚಂಗೆಪ್ಪ. ಸಹಿ ಹಾಕಿದರೆ ಶೆಡ್ಡನ್ನೇ ಬರೆಸಿಕೊಂಡಾನು ಎಂದು ಅವನ ಭಯ. ಭರತ್ ಒತ್ತಾಯ ಮಾಡಲಿಲ್ಲ. ಕೊಟ್ರಬಸಮ್ಮ ಒಳಗಿನಿಂದ ಚಹಾ ತಂದುಕೊಟ್ಟಳು, ಆದರೆ ಯಾವತ್ತಿನ ಹಾಗೆ ಊರು ಯಾವುದು, ಮನೆಯಲ್ಲಿ ಯಾರ್ಯಾರು ಎಂದು ಮಾತಾಡಿಸಲಿಲ್ಲ.

ವಾರದೊಳಗೆ ಪುಟ ಬಂತು. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಭರತ್ ಗಂಡಹೆಂಡತಿ ಇಬ್ಬರನ್ನೂ ಕರೆದೊಯ್ದು ತೋರಿಸಿದ. ಫೋಟೊ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯಿತು. ಮೊದಲು ಶೆಡ್ಡಿನ ತಗಡು ಕಂಡಿತು, ಆಮೇಲೆ ಉಚ್ಚಂಗೆಪ್ಪನ ರುಮಾಲು, ಆಮೇಲೆ ಹಣೆ. ಮೂಗು ಬರುವ ಹೊತ್ತಿಗೆ ಕರೆಂಟು ಹೋಯಿತು. ಮತ್ತೆ ಬಂದಾಗ ಮೊದಲಿನಿಂದ ಶುರು. ಕೊನೆಗೂ ಇಡೀ ಪುಟ ಕಂಡಾಗ ಕೆಳಗೆ ಅಳತೆಗಳ ಪಟ್ಟಿ, ಅದರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಉಚ್ಚಂಗೆಪ್ಪನವರ ಅಳತೆ’ ಎಂದು ಬರೆದಿತ್ತು. ಅದನ್ನು ಹಾಗೆ ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಊರಲ್ಲಿ ಜನ ಹಾಗೆ ಅನ್ನುವುದನ್ನು ಕೇಳಿ ಭರತನೇ ಬರೆದಿದ್ದ.

ಉಚ್ಚಂಗೆಪ್ಪನ ಎದೆಯಲ್ಲಿ ಏನೋ ಒಂದು ಕ್ಷಣ ಚುಚ್ಚಿತು. ಆದರೆ ಬೊಮ್ಮಯ್ಯ ಈ ಪುಟದ ಮುಂದೆ ಕೂತು ಪೆನ್ಸಿಲು ನೆಕ್ಕುತ್ತಿರುವುದು ಕಣ್ಣಿಗೆ ಕಟ್ಟಿತು, ಚುಚ್ಚಿದ್ದು ಮರೆತುಹೋಯಿತು.

ಆಮೇಲೆ ಒಂದು ವಿಚಿತ್ರ ನಡೆಯಿತು. ಫೋನು ಬಡಿದುಕೊಳ್ಳತೊಡಗಿತು. ಹಡಗಲಿಯಿಂದ, ಹರಪನಹಳ್ಳಿಯಿಂದ, ನೀಲಗುಂದದಿಂದ, ಹೆಸರೇ ಕೇಳದ ಹಳ್ಳಿಗಳಿಂದ ಜನ ಕೂರಿಗೆ ಕೇಳಿದರು. ಯಾರದೋ ಮಗ ಕಾಲೇಜಿನ ಕಂಪ್ಯೂಟರಿನಲ್ಲಿ ನೋಡಿ ಅಪ್ಪನಿಗೆ ಹೇಳಿದ್ದ. ಗೊಬ್ಬರದ ಅಂಗಡಿಗಳಲ್ಲಿ ಭರತ್ ಆ ಪುಟವನ್ನು ಮುದ್ರಿಸಿ ಗೋಡೆಗೆ ಅಂಟಿಸಿದ್ದ. ಬೇರೆ ಯಾರಾದರೂ ಆಗಿದ್ದರೆ ಮನೆದೇವರಿಗೆ ಕಾಯಿ ಒಡೆಸುತ್ತಿದ್ದರು. ನಮ್ಮ ಆಸಾಮಿಗೆ ಮಾತ್ರ ಪ್ರತಿ ಫೋನಿನ ಹಿಂದೆಯೂ ಬೊಮ್ಮಯ್ಯನ ಉಸಿರು ಕೇಳಿಸಿತು. ನೀಲಗುಂದದವನೊಬ್ಬ ತಾಳಿನ ಬಗ್ಗೆ ಎರಡು ಪ್ರಶ್ನೆ ಹೆಚ್ಚಿಗೆ ಕೇಳಿದ್ದಕ್ಕೆ, “ನಿನ್ನನ್ನ ಯಾರು ಕಳಿಸ್ಯಾರ ಹೇಳು” ಎಂದು ಜಬರಿಸಿಬಿಟ್ಟ. ಪಾಪ, ಆ ಮನುಷ್ಯ ನನ್ನ ಹೆಂಡತಿ ಕಳಿಸಿದ್ದು ಎಂದನಂತೆ.

ಇಷ್ಟಾದರೂ ಹಗರಿಬೊಮ್ಮನಹಳ್ಳಿಯಿಂದ ಸುದ್ದಿಯೇ ಬರಲಿಲ್ಲ. ಬೊಮ್ಮಯ್ಯ ಹೊಸ ಕುಂಟೆ ತೆಗೆದಿದ್ದಾನೆ ಎಂದು ಯಾರೂ ಹೇಳಲಿಲ್ಲ. ಮುಂಗಾರು ಬಿದ್ದು ಬಿತ್ತನೆ ನಡೆಯುತ್ತಿರುವಾಗ ಉಚ್ಚಂಗೆಪ್ಪನಿಗೆ ತಡೆಯಲಾಗಲಿಲ್ಲ. ಡ್ರಿಲ್‌ನ ಬಿಟ್ ತರಬೇಕೆಂದು ಹೆಂಡತಿಗೆ ಹೇಳಿ, ಬಸ್ ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋದ.

ಬೊಮ್ಮಯ್ಯನ ವರ್ಕ್‌ಶಾಪು ದೊಡ್ಡದಾಗಿತ್ತು. ಅಂಗಳದ ತುಂಬ ಟ್ರ್ಯಾಕ್ಟರಿನ ಟ್ರೇಲರುಗಳು, ಹಸಿ ಬಣ್ಣದ ವಾಸನೆ. ಒಂದು ಕೂರಿಗೆಯೂ ಇಲ್ಲ, ಒಂದು ಕುಂಟೆಯೂ ಇಲ್ಲ. ಉಚ್ಚಂಗೆಪ್ಪ ಕಣ್ಣು ಸಣ್ಣದು ಮಾಡಿ ಮೂಲೆ ಮೂಲೆ ನೋಡುತ್ತಿರುವಾಗ ಬೊಮ್ಮಯ್ಯನೇ ಒಳಗಿನಿಂದ ಬಂದ. ಐದು ವರ್ಷದಲ್ಲಿ ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು.

“ಬಾರಣ್ಣ. ಏನು ಹುಡುಕಾಕ ಹತ್ತೀಯ?”

“ಕೂರಿಗಿ ಎಲ್ಲಿಟ್ಟೀದಿ?”

“ಕೂರಿಗಿ ಬಿಟ್ಟು ಎರಡು ವರ್ಷ ಆತು.” ಬೊಮ್ಮಯ್ಯ ಸ್ಟೂಲು ಎಳೆದು ಕೊಟ್ಟ. “ನಿನ್ನ ಮುಂದ ಸುಳ್ಳು ಯಾಕ ಹೇಳ್ಲಿ. ನಿನ್ನ ಅಳತಿ ಕದ್ದಿದ್ದು ಖರೆ. ಮೂರು ವರ್ಷ ಮಾಡಿದೆ. ಬಂದ ಬಂದವರೆಲ್ಲಾ ಇದು ಉಚ್ಚಂಗೆಪ್ಪನ ಅಳತಿ ಹೌದೋ ಅಲ್ಲೋ ಅಂತನ ಕೇಳೋರು. ಹೌದು ಅಂದ್ರ, ಹಂಗಾರ ಅವನ ಕಡೀನ ತಗೊಂತೀವಿ ಬಿಡು ಅಂತ ಎದ್ದು ಹೋಗೋರು. ನನ್ನ ಹೆಸರಿಲೆ ಒಬ್ಬನೂ ತಗೊಳ್ಳಲಿಲ್ಲ. ಸಾಕಾಗಿ ಟ್ರೇಲರಿಗೆ ಬಿದ್ದೆ. ಈಗ ಚೊಲೊ ಐತಿ.”

“ಮತ್ತ ಆ ಕ್ಯಾಮೆರಾದ ಹುಡುಗ?”

“ಪೇಟೆಬೀದಿ ಹುಡುಗನ? ಟ್ರೇಲರಿಂದು ಪುಟ ಮಾಡಿಕೊಟ್ಟ. ಒಳ್ಳೇ ಹುಡುಗ. ಯಾಕ?”

ಉಚ್ಚಂಗೆಪ್ಪ ಏನೂ ಇಲ್ಲ ಎಂದ. ಬೊಮ್ಮಯ್ಯ ತರಿಸಿದ ಚಹಾ ಕುಡಿದ. ಕಳ್ಳನ ಬಾಯಿಂದಲೇ ತನ್ನ ಹೆಸರು ಕದಿಯಲಾಗದ್ದು ಎಂದು ಕೇಳಿ ಅವನ ಎದೆ ಉಬ್ಬಬೇಕಿತ್ತು. ಬದಲಿಗೆ ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯಾಚೆ ಎಳೆಯ ಶೇಂಗಾ ಸಾಲುಗಳನ್ನು ನೋಡಿ ಮುಖ ಈಚೆ ತಿರುಗಿಸಿಕೊಂಡ. ಬಲೆ ಬೀಸಿದ್ದಾಗಿತ್ತು, ಅದರೊಳಗೆ ಬೀಳಬೇಕಾದವನು ಟ್ರೇಲರು ಮಾಡಿಕೊಂಡು ಆರಾಮಾಗಿದ್ದ. ಬಲೆ ಮಾತ್ರ ಹಾಗೇ ಇತ್ತು.

ಮನೆಗೆ ಬಂದು ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಫೋನಿನ ಕಡೆ ಕೈ ತೋರಿಸಿದಳು. “ಈಗ್ಲೇ ಆ ಹುಡುಗಗ ಹೇಳಿ ತಿದ್ದಿಸ್ರಿ.”

“ಏನಂತ ಹೇಳ್ಲಿ? ಸುಳ್ಳು ಹೇಳಿದ್ದೆ ಅಂತಲೋ?”

“ನೆನಪು ತಪ್ಪಿತ್ತು ಅಂತ ಹೇಳ್ರಿ.”

“ಉಚ್ಚಂಗೆಪ್ಪಗ ಅಳತಿ ನೆನಪು ತಪ್ತು ಅಂದ್ರ ಜನ ನಗಂಗಿಲ್ಲೇನು?” ಎಂದು ಅವನು ಗೊಣಗಿದ. ಅಷ್ಟಕ್ಕೂ ಬೊಮ್ಮಯ್ಯನ ಮಾತನ್ನು ಪೂರ್ತಿ ನಂಬುವುದು ಹೇಗೆ, ಕೂರಿಗೆಗಳನ್ನು ಬೇರೆ ಕಡೆ ಮುಚ್ಚಿಟ್ಟಿರಬಹುದಲ್ಲ ಎಂದು ತಲೆ ಮತ್ತೆ ಹಳೆಯ ಜಾಡು ಹಿಡಿಯಿತು. ನಾಳೆ ನೋಡೋಣ ಎಂದ. ನಾಳೆಗೆ ಎಂಟು ಕೂರಿಗೆ ಮುಗಿಸಬೇಕಿತ್ತು. ಅದರ ಮರುದಿನ ವೆಲ್ಡಿಂಗ್ ಮಶೀನು ಕೆಟ್ಟಿತು. ಮಾಡಲು ಮನಸ್ಸಿಲ್ಲದ ಕೆಲಸಕ್ಕೆ ನೆಪಗಳು ತಾವಾಗಿಯೇ ನಡೆದು ಬರುತ್ತವೆ.

ಆಷಾಢದ ಮಧ್ಯೆ ಒಂದು ದಿನ ಅಂಜಿನಿ ಫೋನು ಮಾಡಿದ. ಕೂಡ್ಲಿಗಿ ಆಚೆ ಮೂರೆಕರೆ ಕೆಂಪು ಹೊಲದವನು, ಮೂರು ವರ್ಷದ ಹಿಂದೆ ಇಲ್ಲಿಂದಲೇ ಕೂರಿಗೆ, ಕುಂಟೆ ಒಯ್ದವನು. ಪ್ರತಿ ವರ್ಷ ಹೊಸ ಶೇಂಗಾ ಬಂದಾಗ ಒಂದು ಚೀಲ ಹಿಡಿದುಕೊಂಡು ಬಂದು, ನಿಮ್ಮ ಕೂರಿಗಿ ಬಿತ್ತಿದ್ದು ತಿನ್ನಿರಿ ಎಂದು ಕೊಟ್ಟು ಹೋಗುವ ಮನುಷ್ಯ. ಎಡೆಕುಂಟೆಯ ಕುಡ ಸವೆದಿದೆ, ಹೊಸದು ಬೇಕು ಎಂದ.

“ಕೈತುಂಬ ಕೆಲಸ ಐತಪ್ಪ. ಹದಿನೈದು ದಿನ ಆಗ್ತೈತಿ” ಎಂದ ಉಚ್ಚಂಗೆಪ್ಪ.

“ಕಳಿ ಅಷ್ಟು ದಿನ ಕಾಯಂಗಿಲ್ಲಲ್ರಿ ಮೇಸ್ತ್ರಿ. ಇರ್ಲಿ, ಏನರ ಮಾಡ್ಕೊಂತೀನಿ” ಎಂದು ಅಂಜಿನಿ ಫೋನಿಟ್ಟ. ಆ ‘ಏನರ’ ಅಂದರೆ ಏನು ಎಂದು ಉಚ್ಚಂಗೆಪ್ಪ ಕೇಳಲಿಲ್ಲ. ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಎಲ್ಲರ ಮೇಲೂ ಅನುಮಾನ ಪಡುವವನು ಪಡಲೇಬೇಕಾದ ಕಡೆ ಸುಮ್ಮನಾದ.

ಹನ್ನೊಂದನೆಯ ದಿನ ಬೆಳಿಗ್ಗೆ ಅಂಜಿನಿ ಮತ್ತು ಅವನ ಹೆಂಡತಿ ಎರ್ರಮ್ಮ ಶೆಡ್ಡಿನ ಮುಂದೆ ಬಂದು ನಿಂತರು. ಎರ್ರಮ್ಮನ ಮಡಿಲಲ್ಲಿ ಶೇಂಗಾ ಗಿಡಗಳ ಕಟ್ಟು. ಎಲೆ ಮುದುಡಿತ್ತು. ಬೇರು ಒಂದು ಪಕ್ಕಕ್ಕೆ ಚಾಕುವಿನಿಂದ ಕೊಯ್ದಂತೆ ನುಣ್ಣಗೆ ಕತ್ತರಿಸಿಹೋಗಿತ್ತು. ಉಚ್ಚಂಗೆಪ್ಪ ಅದನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ತಿಳಿದುಕೊಂಡ.

ಅಂಜಿನಿ ಜಗಳಕ್ಕೆ ಬಂದಿರಲಿಲ್ಲ. ತಪ್ಪೊಪ್ಪಿಕೊಳ್ಳಲು ಬಂದವನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ಗೊಬ್ಬರದ ಅಂಗಡಿಯ ಗೋಡೆಯಿಂದ ಬಿಡಿಸಿ ತಂದ ಕಾಗದವನ್ನು ಬಿಚ್ಚಿ ಮುಂದೆ ಹಿಡಿದ. “ನಿಮಗ ಪುರಸೊತ್ತಿಲ್ಲ ಅಂದ್ರಲ್ರಿ, ಇದರಾಗ ನಿಮ್ಮ ಅಳತಿ ಇತ್ತು. ನಮ್ಮೂರ ಕಮ್ಮಾರರ ಕಡಿ ಬಡಿಸ್ದೆ. ಉದ್ದ ಆತಲ್ಲಪ್ಪ ಅಂತ ಅವ್ರು ಅಂದ್ರು. ಉಚ್ಚಂಗೆಪ್ಪನ ಅಳತಿ ಐತಿ, ನೀವು ಸುಮ್ನ ಬಡೀರಿ ಅಂತ ನಾನ ಬೈದೆ. ಎರಡೆಕರೆ ಹೊಡ್ಯೋತನ ಗೊತ್ತಾಗಲಿಲ್ಲ. ಎತ್ತು ಸೊಟ್ಟ ಹೋದ್ವು ಅಂದ್ಕೊಂಡೆ. ನೋಡ್ರಿ, ನಾನೇನರ ತಪ್ಪು ಓದೀನೇನು?”

ಉಚ್ಚಂಗೆಪ್ಪ ಕಾಗದ ನೋಡಿದ. ತಪ್ಪು ಓದಲು ಅಲ್ಲಿ ಏನೂ ಇರಲಿಲ್ಲ, ಹತ್ತೂವರೆ ಎಂದು ಸ್ಪಷ್ಟವಾಗಿತ್ತು.

“ಇದನ್ನ ಬರ್ದ ಹುಡುಗಂಗ ಫೋನ್ ಮಾಡೀವಿ” ಎಂದಳು ಎರ್ರಮ್ಮ. “ಕಾಗದದ ಬುಡದಾಗ ಅವನ ನಂಬರ್ ಇತ್ತು. ಬರ್ತಾನಂತ. ಬರ್ಲಿ, ಕೇಳ್ತೀನಿ ಅವನ್ನ.”

ಭರತ್ ಬಂದೇ ಬಂದ. ಓಡಿಹೋಗುವವನಾಗಿದ್ದರೆ ಫೋನೇ ಎತ್ತುತ್ತಿರಲಿಲ್ಲ. ಗಿಡಗಳನ್ನು ನೋಡಿ ಅವನ ಮುಖ ಸಣ್ಣದಾಯಿತು. ಅವತ್ತು ಅಳತೆ ಬರೆದುಕೊಂಡಿದ್ದ ಫಾರಂ ಬ್ಯಾಗಿನಿಂದ ತೆಗೆದು ಬೆರಳಿಟ್ಟು ಓದಿದ. ಅಲ್ಲಿಯೂ ಹತ್ತೂವರೆ, ಅವನದೇ ಕೈಬರಹ.

“ಇದು ನಾನ ಬರ್ದಿದ್ದು” ಎಂದ. ಆಮೇಲೆ ಉಚ್ಚಂಗೆಪ್ಪನ ಕಡೆ ನೋಡಿದ. “ಎರಡು ಸಲ ಓದಿ ಹೇಳಿದ್ನಲ್ಲ ಅನ್ನಿಸ್ತೈತಿ. ಆದ್ರೂ ಅಣ್ಣ ಅಳತಿ ತಪ್ಪು ಹೇಳಂಗಿಲ್ಲ. ನಾನ ತಪ್ಪು ಬರ್ಕೊಂಡಿರಬೇಕು.”

“ಬರ್ಕೊಂಡಿರಬೇಕಂತ” ಎಂದು ಎರ್ರಮ್ಮ ಮುಂದೆ ಬಂದಳು. “ಪುಕ್ಕಟೆ ಮಾಡ್ತೀನಿ ಅಂತ ಊರೂರು ತಿರಗೋರ ಹೊಟ್ಟ್ಯಾಗ ಏನಿರ್ತೈತಿ ಅಂತ ಯಾರು ಬಲ್ಲರು? ಯಾರು ಕಳಿಸ್ಯಾರ ನಿನ್ನ? ಮೇಸ್ತ್ರಿ ಹೆಸರು ಕೆಡಸಾಕ ಯಾರು ಕಳಿಸ್ಯಾರ ಹೇಳು.”

ಅಂಜಿನಿ ಬೈಕಿನ ಕೀಲಿ ಕಿತ್ತುಕೊಂಡ. ಭರತ್ ತಡೆಯಲಿಲ್ಲ. ಕುತ್ತಿಗೆಯಿಂದ ಕ್ಯಾಮೆರಾ ತೆಗೆದು ಅದನ್ನೂ ಮೇಜಿನ ಮೇಲಿಟ್ಟ. “ಇದು ಇಟ್ಕೊಂಡಿರ್ರಿ. ನಾನೆಲ್ಲೂ ಹೋಗಂಗಿಲ್ಲ” ಎಂದ.

ಉಚ್ಚಂಗೆಪ್ಪ ಇದನ್ನೆಲ್ಲ ನೋಡುತ್ತ ನಿಂತಿದ್ದ. ಅವನು ಬಾಯಿ ಬಿಡಬೇಕಾಗಿಯೇ ಇರಲಿಲ್ಲ. ಸಹಿ ಇಲ್ಲ, ಸಾಕ್ಷಿ ಇಲ್ಲ. ಸುಮ್ಮನೆ ನಿಂತಿದ್ದರೂ ಸಾಕು, ಅವನ ಅಳತೆ ಮೊದಲಿನ ಹಾಗೆ ಇರುತ್ತಿತ್ತು, ಹೊಸಪೇಟೆಯ ಹುಡುಗ ಮೂರು ತಾಲೂಕಿಗೆ ಕಳ್ಳನಾಗುತ್ತಿದ್ದ. ಆದರೆ ಎರ್ರಮ್ಮ ಆಡಿದ ಮಾತುಗಳೆಲ್ಲ ಅವನವೇ. ತನ್ನ ಹೊಟ್ಟೆಯಲ್ಲಿದ್ದದ್ದು ಇನ್ನೊಬ್ಬರ ಬಾಯಿಂದ ಬಂದಾಗ ಅವನಿಗೆ ನಾಚಿಕೆಯಾಯಿತು. ಕೊಟ್ರಬಸಮ್ಮ ಫೋನಿನ ಮೇಜಿನ ಹಿಂದೆ ನಿಂತು ಅವನನ್ನೇ ನೋಡುತ್ತಿದ್ದಳು.

“ಕೀಲಿ ಕೊಡು ಅಂಜಿನಿ” ಎಂದ ಉಚ್ಚಂಗೆಪ್ಪ. “ತಪ್ಪು ಅವಂದಲ್ಲ. ಹತ್ತೂವರಿ ಅಂತ ನಾನ ಹೇಳಿದ್ದು.”

ಅಂಜಿನಿ ನಕ್ಕುಬಿಟ್ಟ. “ನೀವು ದೊಡ್ಡೋರು ರಿ. ಹುಡುಗನ್ನ ಉಳಿಸಾಕ ನಿಮ್ಮ ಮ್ಯಾಲ ಹಾಕ್ಕೊಂತೀರಿ.”

“ಉಳಿಸಾಕ ಅಲ್ಲ. ಬೇಕಂತನ ಹೇಳಿದ್ದೆ. ಬೊಮ್ಮಯ್ಯ ಕದೀತಾನ ಅಂತ ಅನುಮಾನ ಇತ್ತು. ಅವಂಗ ಹತ್ತಲಿ ಅಂತ ಇಟ್ಟಿದ್ದು ನಿನಗ ಹತ್ತೈತಿ.”

ಅಂಜಿನಿ ಇನ್ನೂ ನಗುತ್ತಲೇ ಇದ್ದ, ಆದರೆ ಆ ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ಕೊಟ್ರಬಸಮ್ಮನ ಕಡೆ ತಿರುಗಿದ. “ಏನಕ್ಕ ಇದು?”

“ಖರೆ ಹೇಳ್ತಾರಪ್ಪ” ಎಂದಳು ಕೊಟ್ರಬಸಮ್ಮ. “ನನಗೂ ಗೊತ್ತಿತ್ತು. ನಾನೂ ಸುಮ್ನಿದ್ದೆ.”

ಎರ್ರಮ್ಮ ಕೆಳಗೆ ಕುಳಿತು ಗಿಡಗಳನ್ನು ಮತ್ತೆ ಮಡಿಲಿಗೆ ಹಾಕಿಕೊಂಡಳು, ಅವುಗಳಿಂದ ಇನ್ನು ಏನಾದರೂ ಆಗುತ್ತದೆ ಎಂಬಂತೆ. ಅಂಜಿನಿ ಕೀಲಿಯನ್ನು ಕ್ಯಾಮೆರಾದ ಪಕ್ಕ ಇಟ್ಟ. ಯಾರಿಗೆಂದಿಲ್ಲದೆ, “ಇನ್ನೊಂದೆಕರೆ ಉಳದೈತಿ. ಕಳಿ ಮೊಣಕಾಲಿಗೆ ಬಂದೈತಿ” ಎಂದ.

ಉಚ್ಚಂಗೆಪ್ಪ ಹೋಗಿ ಕುಲುಮೆ ಹೊತ್ತಿಸಿದ. ಮೇಲಿನ ಅಂಗಿ ತೆಗೆದಿಟ್ಟು, ಕಬ್ಬಿಣದ ಪಟ್ಟಿ ಕಾಯಿಸಿ, ಕತ್ತರಿಸಿ, ಬಡಿದ. ಬೇರೆ ಕೆಲಸ ಬಾಕಿ ಬಿದ್ದಿತ್ತು, ಫೋನು ಎರಡು ಸಲ ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಜೀವಮಾನದಲ್ಲಿ ಅಷ್ಟು ಜತನದಿಂದ ಅವನು ಒಂದು ಕುಡ ಮಾಡಿದ್ದಿಲ್ಲ. ಅಂಚು ಮಸೆದು, ನೀರಿಗೆ ಹಾಕಿ, ಒರೆಸಿ ಅಂಜಿನಿಯ ಕೈಗೆ ಕೊಟ್ಟ. ಕುಂಟೆ ಬಾಳಿಕೆ ಬರುವವರೆಗೂ ಕುಡ ನಾನೇ ಮಾಡಿಕೊಡುತ್ತೇನೆ, ಎರಡೆಕರೆಗೆ ಏನು ಮಾಡಬೇಕೋ ಕೂತು ಮಾತಾಡೋಣ ಎಂದ.

“ಎಂಟೂವರಿ ಐತಿ. ಹನ್ನೆರಡರ ಸಾಲಿಗೆ ಇದೇ ಸರಿ” ಎಂದ.

ಅಂಜಿನಿ ಕುಡವನ್ನು ಅಂಗೈ ಮೇಲೆ ಹಿಡಿದುಕೊಂಡು ನಿಂತ. ಹಿಂದಿನ ದಿನಗಳಾಗಿದ್ದರೆ ಚೀಲಕ್ಕೆ ಹಾಕಿಕೊಂಡು, ಹೋಗಿಬರ್ತೀನ್ರಿ ಮೇಸ್ತ್ರಿ ಎನ್ನುತ್ತಿದ್ದ. ಈಗ ಒಮ್ಮೆ ಕುಡ ನೋಡಿದ, ಒಮ್ಮೆ ಉಚ್ಚಂಗೆಪ್ಪನ ಮುಖ ನೋಡಿದ. ಆಮೇಲೆ ಭರತನ ಕಡೆ ತಿರುಗಿದ.

“ತಮ್ಮಾ, ಎಂಟೂವರಿ ಅಂತಾರ. ಖರೆ ಏನು?”

ಭರತನಿಗೆ ಕಬ್ಬಿಣವೂ ಗೊತ್ತಿರಲಿಲ್ಲ, ಶೇಂಗಾವೂ ಗೊತ್ತಿರಲಿಲ್ಲ. ಅವನು ಹೌದು ಎನ್ನಲಿ ಎಂದು ಉಚ್ಚಂಗೆಪ್ಪ ಕಾಯುತ್ತ ನಿಂತ.